ಟವೆಲಿನಡಿ ಆರೋಗ್ಯ ವಿಮೆ

ನಮ್ಮ ಮನೆಯ ನಡುಕೋಣೆಯಲ್ಲಿ ಮೂರು ಕ್ಯಾಲೆಂಡರುಗಳು ನೇತಾಡುತ್ತಿವೆ. ಮೂರರಲ್ಲಿ ಒಂದರಲ್ಲೂ ಅಮಾವಾಸ್ಯೆ ಇಲ್ಲ. ಹುಣ್ಣಿಮೆಯಿಲ್ಲ, ಏಕಾದಶಿಯಿಲ್ಲ, ಹಬ್ಬ ಹುಣ್ಣಿಮೆಗಳ ಸುಳಿವೇ ಇಲ್ಲ. ಎಲ್ಲವೂ ವಿಮೆ ಕಂಪನಿಗಳು ಪುಕ್ಕಟೆ ಕೊಟ್ಟವು. ಹನ್ನೆರಡು ತಿಂಗಳೂ ಒಬ್ಬ ಮುದುಕ, ಒಬ್ಬ ಮುದುಕಿ ನಗುತ್ತಲೇ ಇರುತ್ತಾರೆ. ಜನವರಿಯಲ್ಲಿ ತೋಟದ ಬೆಂಚಿನ ಮೇಲೆ, ಏಪ್ರಿಲಿನಲ್ಲಿ ಸಮುದ್ರದ ದಂಡೆಯ ಮೇಲೆ. ನಮ್ಮ ವಿಜಯಪುರದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಯಾರಾದರೂ ಹಾಗೆ ಬಯಲಲ್ಲಿ ನಿಂತು ನಕ್ಕರೆ, ಬಿಸಿಲು ತಲೆಗೇರಿತು ಪಾಪ ಎಂದು ನಾಲ್ಕು ಜನ ಸೇರಿ ನೆರಳಿಗೆ ಎಳೆದೊಯ್ಯುತ್ತಾರೆ.

ನನ್ನ ಹೆಂಡತಿ ನೀಲವ್ವನಿಗೆ ಆ ಮುದುಕಿಯ ಮೇಲೆ ಬೇರೆಯೇ ಸಿಟ್ಟು.

"ಅಲ್ರೀ, ಈ ವಯಸ್ಸಿನ್ಯಾಗ ಬಾಯ್ತುಂಬ ಹಲ್ಲು ಇಟ್ಕೊಂಡಾಳ. ಇಕಿಗ್ಯಾಕ ಬೇಕ್ರಿ ವಿಮಾ?" ಎನ್ನುತ್ತಾಳೆ.

ಹಲ್ಲಿನ ಮಾತು ಬಂದರೆ ನನಗೆ ನಮ್ಮಪ್ಪ ನೆನಪಾಗುತ್ತಾನೆ. ತಿಕೋಟಾದ ನಮ್ಮಪ್ಪ ಹೊಲಕ್ಕಿಂತ ಹೆಚ್ಚು ದನದ ಸಂತೆಯಲ್ಲಿ ಬದುಕಿದವನು. ಎತ್ತು ಕೊಳ್ಳುವುದು, ಮಾರುವುದು, ಇನ್ನೊಬ್ಬರ ವ್ಯಾಪಾರ ಕುದುರಿಸಿ ಕೊಡುವುದು ಅವನ ಕಸುಬು. ಎತ್ತಿನ ಬಾಯಿ ಅಗಲಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಆ ಅಭ್ಯಾಸ ಎಷ್ಟೆಂದರೆ, ಮನೆಗೆ ಬಂದ ನೆಂಟರು ಆಕಳಿಸಿದರೂ ಒಮ್ಮೆ ಬಗ್ಗಿ ನೋಡುತ್ತಿದ್ದ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟದ್ದೂ ಅವನ ಎತ್ತುಗಳ ಹಗ್ಗ ಹಿಡಿದು ನಿಲ್ಲುವುದಕ್ಕೇ. ಅದಕ್ಕೆ ನನಗೇನೂ ಬೇಸರವಿಲ್ಲ. ಶಾಲೆಯಲ್ಲಿ ಮಾಸ್ತರರು ಕಲಿಸಿದ್ದು ಅಲ್ಲಿಯೇ ಉಳಿಯಿತು, ಸಂತೆಯಲ್ಲಿ ಅಪ್ಪ ಕಲಿಸಿದ್ದು ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತೇನೋ ಎಂದು ಈಚೆಗೆ ಅನ್ನಿಸತೊಡಗಿದೆ.

ಸಂತೆಯ ವ್ಯಾಪಾರ ನೀವು ನೋಡಿರಬಹುದು. ಅಲ್ಲಿ ಬಾಯಿಬಿಟ್ಟು ರೇಟು ಹೇಳುವಂತಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲಿನ ಕೆಳಗೆ ಕೈ ತೂರಿಸಿ ಬೆರಳು ಹಿಡಿದು ಮಾತಾಡಬೇಕು. ಮೇಲೆ ಮುಖಗಳು ಮಳೆಯ ವಿಚಾರ, ಮಗಳ ಮದುವೆಯ ವಿಚಾರ ಮಾತಾಡುತ್ತಿರುತ್ತವೆ, ಕೆಳಗೆ ಬೆರಳುಗಳು ಜಗಳವಾಡುತ್ತಿರುತ್ತವೆ. ವ್ಯಾಪಾರ ಕುದುರದಿದ್ದರೆ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದು ಹೊರಡಬೇಕು. ಹಿಂದೆ ತಿರುಗಿ ನೋಡಬಾರದು. ಚಹಾದ ಅಂಗಡಿ ಮುಟ್ಟುವುದರೊಳಗೆ ಎದುರಿನವನು "ಏ, ಬಾರೋ ಮಾರಾಯಾ" ಎಂದು ಬೆನ್ನು ಹತ್ತಿ ಬಂದೇ ಬರುತ್ತಾನೆ.

"ಮೊದಲ ಹೇಳಿದ ರೇಟಿಗೆ ಹೂಂ ಅನಬ್ಯಾಡ ಲೇ," ಎನ್ನುತ್ತಿದ್ದ ಅಪ್ಪ. "ನೀ ಹೂಂ ಅಂದಿ ಅಂದ್ರ ಮಾರಿದಾಂವಗೂ ಸುಖ ಇಲ್ಲ. ಇನ್ನೊಂದೀಟು ಜಾಸ್ತಿ ಹೇಳಬೇಕಿತ್ತು ಅಂತ ರಾತ್ರಿಯೆಲ್ಲಾ ಹೊಳ್ಳ್ಯಾಡತಾನ."

ಈ ವಿದ್ಯೆ ಒಂದೇ ಒಂದು ಊರಿನಲ್ಲಿ ನಡೆಯಲಿಲ್ಲ. ಅದು ಬಬಲೇಶ್ವರ. ನೀಲವ್ವನ ತವರು. ನನಗೆ ಹೆಣ್ಣು ನೋಡಲು ಹೋದಾಗ ಎಲ್ಲ ಒಪ್ಪಿಗೆಯಾಗಿ, ಮದುವೆ ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಎಂಬಲ್ಲಿ ಮಾತು ನಿಂತಿತು. ಅಪ್ಪ ರೂಢಿಯಂತೆ ಟವೆಲು ಝಾಡಿಸಿ ಎದ್ದು ಹೊರಟ. ನಾನು ಹಿಂದೆ ಓಡಿದೆ. ಬಸ್ ನಿಲ್ದಾಣದಲ್ಲಿ ಕೂತೆವು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಬೆನ್ನು ಹತ್ತಿ ಯಾರೂ ಬರಲಿಲ್ಲ. ಕೊನೆಗೆ ಅಪ್ಪ ಎದ್ದು, "ಅವರ ಮನ್ಯಾಗ ತಂಬಾಕದ ಚೀಲ ಬಿಟ್ಟು ಬಂದೇನಿ, ನಡಿ" ಎಂದ. ಚೀಲ ಅವನ ಕಿಸೆಯಲ್ಲೇ ಉಬ್ಬಿಕೊಂಡಿತ್ತು. ಮದುವೆ ಬಬಲೇಶ್ವರದಲ್ಲಾಯಿತು.

"ನಮ್ಮ ಕಡೇದವರು ಬೆನ್ನ ಹತ್ತಂಗಿಲ್ಲರಿ" ಎಂದು ನೀಲವ್ವ ಇಂದಿಗೂ ಚುಚ್ಚುತ್ತಾಳೆ. ಆ ಮಾತನ್ನು ನಾನು ಕಿವಿಗೆ ಹಾಕಿಕೊಂಡಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ನಾನು ವಿಜಯಪುರಕ್ಕೆ ಬಂದು ನೀರು ಸರಬರಾಜಿನಲ್ಲಿ ಕೂಲಿಯಾಗಿ ಸೇರಿ, ವಾಲ್‌ಮ್ಯಾನ್ ಆಗಿ ನಿವೃತ್ತನಾದೆ. ವಾಲ್‌ಮ್ಯಾನ್ ಎಂದರೆ ಓಣಿ ಓಣಿಗೆ ನೀರು ಬಿಡುವವನು. ಎದೆಯೆತ್ತರದ ಕಬ್ಬಿಣದ ಚಾವಿ ಸೈಕಲ್ಲಿಗೆ ಕಟ್ಟಿಕೊಂಡು ನಾನು ಹೊರಟರೆ ಕೊಡಗಳು ತಾವೇ ಹೊರಗೆ ಬರುತ್ತಿದ್ದವು. ಭೂತನಾಳ ಕೆರೆಯ ನೀರು ಕುಡಿದು ಬೆಳೆದ ಯಾವ ಮನೆಯಲ್ಲಿ ಬೇಕಾದರೂ ಕೇಳಿ ನೋಡಿ. ಆರಿಸಿ ಬಂದ ಆಮದಾರರಿಗೆ ನಮಸ್ಕಾರ ಮಾಡದ ಹೆಣ್ಣುಮಕ್ಕಳು ನನಗೆ ಮಾಡುತ್ತಿದ್ದರು. ಚಾವಿಯ ತುದಿಗೆ ಕಿವಿ ಇಟ್ಟು, ನೆಲದಡಿ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದೆ. ಇದನ್ನು ಜಂಬ ಎಂದುಕೊಂಡರೂ ಅಡ್ಡಿಯಿಲ್ಲ, ಜಂಬವೇ.

ನೌಕರಿಯ ಕಡೆಯಿಂದ ಒಂದು ಆರೋಗ್ಯ ವಿಮೆ ನಿವೃತ್ತಿಯ ನಂತರವೂ ಉಳಿದುಬಂದಿತ್ತು. ಆದರೆ ಅದು ಮನೆಯ ಮೇಲಿನ ಸಣ್ಣ ಸಿಂಟೆಕ್ಸ್ ಟಾಕಿಯಂತೆ. ಜ್ವರ, ಕೆಮ್ಮಿಗೆ ಸಾಕು, ಆಪರೇಷನ್ನಿಗೆ ಸಾಲದು. ಅಷ್ಟರಲ್ಲಿ ನೀಲವ್ವನ ಮೊಣಕಾಲು ಕೈಕೊಡತೊಡಗಿತ್ತು. ನೆಲಕ್ಕೆ ಕೂತು ರೊಟ್ಟಿ ಬಡಿದರೆ, ಏಳುವಾಗ ಬಾಗಿಲ ಚೌಕಟ್ಟು ಹಿಡಿದು, ದೇವರನ್ನು ಕರೆದು ಏಳಬೇಕು. "ಒಂದಲ್ಲಾ ಒಂದಿನ ಇದನ್ನು ಬದಲಿಸಬೇಕಾಗುತ್ತೆ" ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಸಣ್ಣ ಟಾಕಿ ಖಾಲಿಯಾದ ಮೇಲೆ ತೆರೆದುಕೊಳ್ಳುವ ದೊಡ್ಡ ಟಾಕಿಯೊಂದು ಬೇಕಿತ್ತು. ಅದಕ್ಕೆ ಪೂರಕ ವಿಮೆ ಎಂದು ಹೆಸರು, ಮಾರುವವರ ಬಾಯಲ್ಲಿ ಟಾಪ್‌ಅಪ್. ಆದರೆ ಮೊದಲೇ ಇದ್ದ ಬೇನೆಗೆ, ವಿಮೆ ಮಾಡಿಸಿ ಕೆಲವು ವರ್ಷ ಕಾದ ಮೇಲೆಯೇ ಅದರ ವಾಲ್ ತೆರೆಯುತ್ತದೆ. ಇಂದು ಮಾಡಿಸಿದರೆ ಇಂದಿನಿಂದ ಎಣಿಕೆ. ತಡ ಮಾಡಿದಷ್ಟು ನೀಲವ್ವನ ಮೊಣಕಾಲಿಗೆ ಕಷ್ಟ. ಇಷ್ಟು ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ನಾನು ಮಾಡಿದ್ದು ಕೇಳಿ.

ವಿಮೆಯ ಏಜೆಂಟ ಬೇರೆ ಯಾರೂ ಅಲ್ಲ, ನೀಲವ್ವನ ಅಕ್ಕನ ಮಗ ಸಂಗಮೇಶ. ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದ್ದಾರೆ, ಅವನ ಕಚೇರಿಯೂ ಅಲ್ಲಿಯೇ. ನನಗೆ ಕಾಕಾ, ಇವಳಿಗೆ ಚಿಗವ್ವ ಎನ್ನುತ್ತಾನೆ. ಅಥಣಿ ರಸ್ತೆಯ ನಮ್ಮ ಮನೆಗೆ ಬಂದು, ಎರಡು ಪಾಲಿಸಿಗಳನ್ನು ಮೊಬೈಲಿನಲ್ಲಿ ತೋರಿಸಿದ. ಒಂದು ಅಗ್ಗದ್ದು, ಆದರೆ ಮೊಣಕಾಲಿಗೆ ಮೂರು ವರ್ಷ ಕಾಯಬೇಕು. ಇನ್ನೊಂದು ತುಟ್ಟಿ, ಅದರಲ್ಲಿ ಒಂದೇ ವರ್ಷ.

"ಆತು," ಎಂದೆ. "ಈ ತುಟ್ಟೀದು ಕೊನೀ ರೇಟ್ ಎಷ್ಟು?"

"ಇದ ಕೊನೀದರಿ ಕಾಕಾ."

"ಇದು ಮೊದಲನೇದಲ್ಲೋ ತಮ್ಮಾ? ನೀ ಈಗಷ್ಟ ಹೇಳೀದಿ."

"ಮೊದಲನೇದೂ ಇದ, ಕೊನೀದೂ ಇದರಿ. ಕಂಪ್ಯೂಟರ್ ಹೇಳತೈತಿ, ನಾ ಹೇಳಂಗಿಲ್ಲ."

ನಾನು ನಕ್ಕೆ. ನಮ್ಮಪ್ಪನ ಎದುರು ಎಂಥೆಂಥ ದಲಾಲರು ಇದೇ ಮಾತು ಹೇಳಿರಲಿಲ್ಲ? ಹೆಗಲಿನ ಟವೆಲು ತೆಗೆದು ಅವನ ಕೈಯ ಮೇಲೆ ಹಾಸಿ, ಕೆಳಗೆ ನನ್ನ ಕೈ ತೂರಿಸಿ ಅವನ ಎರಡು ಬೆರಳು ಹಿಡಿದೆ. ಹುಡುಗ ಗಾಬರಿಯಾಗಿ ಚಿಗವ್ವನ ಮುಖ ನೋಡಿದ. ಆಮೇಲೆ ಏನೋ ತಿಳಿದವನಂತೆ ನನ್ನ ಕೈಯನ್ನು ಗಟ್ಟಿಯಾಗಿ ಕುಲುಕಿ, "ಥ್ಯಾಂಕ್ಯೂ ಕಾಕಾ" ಎಂದ.

ಇಂಥವನ ಜೊತೆ ಏನು ವ್ಯಾಪಾರ ಮಾಡುತ್ತೀರಿ? ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದು ಹೊರಟೆ. ರಸ್ತೆಗೆ ಬಂದ ಮೇಲೆ ಹೊಳೆಯಿತು, ನಾನು ಎದ್ದು ಬಂದದ್ದು ನನ್ನದೇ ಮನೆಯಿಂದ! ಆದರೆ ಕಾಲು ಇಟ್ಟಾಗಿದೆ, ಹಿಂದೆ ನೋಡುವಂತಿಲ್ಲ. ಮೂಲೆಯ ಚಹಾದ ಅಂಗಡಿಯವರೆಗೆ ನಡೆದೆ. ಒಂದು ಚಹಾ ಕುಡಿದೆ. ಯಾರೂ ಬರಲಿಲ್ಲ. ಇನ್ನೊಂದು ಹೇಳಿದೆ. ಅಂಗಡಿಯವನು, "ಯಾಕ್ರಿ ಯಜಮಾನರ, ಮನ್ಯಾಗ ಜಗಳ ಆಗೇತೇನು?" ಎಂದು ಕೇಳಿದ. ಮನೆಗೆ ಹೋಗಿ ನೋಡಿದರೆ ಸಂಗಮೇಶ ಉಪ್ಪಿಟ್ಟು ತಿಂದು, ನಾಲ್ಕನೆಯ ಮೊಳೆ ಸಿಗದೆ ಒಂದು ಕ್ಯಾಲೆಂಡರನ್ನು ಕುರ್ಚಿಯ ಮೇಲೆ ಇಟ್ಟು ಹೋಗಿದ್ದ.

"ಎಲ್ಲಿ ಹೋಗಿದ್ರಿ?" ಎಂದಳು ನೀಲವ್ವ.

"ವ್ಯಾಪಾರ ನಡದೈತಿ. ನಿನಗ ತಿಳಿಯಂಗಿಲ್ಲ. ನಾಳಿ ಫೋನ್ ಮಾಡ್ತಾನ ನೋಡ."

"ಅಂವ ನಮ್ಮಕ್ಕನ ಮಗರಿ" ಎಂದಷ್ಟೇ ಹೇಳಿ ಚೌಕಟ್ಟು ಹಿಡಿದು ಎದ್ದಳು.

ನಾಳೆ ಬಂತು, ಫೋನು ಬರಲಿಲ್ಲ. ಒಂದು ವಾರ ಕಳೆಯಿತು. ಬೇಸಿಗೆಯಿಡೀ ನಾನು ಮೊಬೈಲನ್ನು ಕಿಸೆಯಲ್ಲಿಟ್ಟುಕೊಂಡೇ ಸ್ನಾನಕ್ಕೂ ಹೋಗಿ ಬಂದೆ. ನೀಲವ್ವ ರೊಟ್ಟಿ ಬಡಿಯುವಾಗ ಏಳುವ ಕೆಲಸ ತಪ್ಪಿಸಲು ಹಿಟ್ಟು, ನೀರು, ತಟ್ಟೆ ಎಲ್ಲ ಸುತ್ತ ಇಟ್ಟುಕೊಂಡು ಕೋಟೆಯೊಳಗಿನ ರಾಣಿಯಂತೆ ಕೂರತೊಡಗಿದಳು. ನಾನೇ ಫೋನು ಮಾಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ಎದ್ದು ಬಂದವನು ತಾನಾಗಿ ತಿರುಗಿ ಹೋದರೆ ಎತ್ತಿನ ರೇಟು ಏರುತ್ತದೆ. ಇದು ಗಟ್ಟಿ.

ಕೊನೆಗೂ ಒಂದು ಮುಂಜಾನೆ ಸಂಗಮೇಶನ ಫೋನು ಬಂತು. ಮೂರು ಸಲ ರಿಂಗಾಗಲು ಬಿಟ್ಟು, ಬೇಡವಾದ ದನಿಯಲ್ಲಿ "ಯಾರು?" ಎಂದೆ.

"ಕಾಕಾ, ಹ್ಯಾಪಿ ಬರ್ತ್‌ಡೇ!"

ನಾನು ಗಲಿಬಿಲಿಗೊಂಡೆ. ನನ್ನ ಜನ್ಮದಲ್ಲಿ ಯಾರೂ ಹಾಗೆ ಹೇಳಿದ್ದಿಲ್ಲ. ಆವತ್ತು ಜೂನ್ ಒಂದು. ನನ್ನ ವಾರಿಗೆಯವರಲ್ಲಿ ಅರ್ಧ ಜನ ಹುಟ್ಟಿದ್ದು ಜೂನ್ ಒಂದಕ್ಕೆ. ತಾಯಿಯ ಹೊಟ್ಟೆಯಿಂದಲ್ಲ, ಮಾಸ್ತರರ ಪೆನ್ನಿನಿಂದ. ನನ್ನನ್ನು ಶಾಲೆಗೆ ಸೇರಿಸುವಾಗ ಯಾವಾಗ ಹುಟ್ಟಿದ ಎಂದು ಕೇಳಿದರೆ ಅಪ್ಪ, "ಬಿಳೀ ಜೋಳದ ರಾಶಿ ನಡದಿತ್ತರಿ, ಕೆಂದ ಎತ್ತಿಗೆ ಕಾಲುಬೇನೆ ಆಗಿತ್ತು" ಎಂದನಂತೆ. ಮಾಸ್ತರರು ಕೆಂದ ಎತ್ತನ್ನು ಬಿಟ್ಟು, ಹಿಂದಿನ ಜೂನ್ ಒಂದನ್ನು ಬರೆದುಕೊಂಡರು. ಐದು ಇಯತ್ತೆಯ ಓದಿನಲ್ಲಿ ಶಾಲೆಯಿಂದ ನನ್ನ ಜೊತೆ ಗಟ್ಟಿಯಾಗಿ ಬಂದದ್ದು ಆ ತಾರೀಖು ಒಂದೇ.

"ಹಂಗ ಒಂದು ಮಾತರಿ ಕಾಕಾ," ಸಂಗಮೇಶ ಮುಂದುವರಿಸಿದ. "ಇವತ್ತಿಗೆ ನಿಮ್ಮ ವಯಸ್ಸು ಒಂದು ಮೆಟ್ಟಲಾ ಮ್ಯಾಲ ಹೋತು. ಎರಡೂ ಪಾಲಿಸಿ ತುಟ್ಟಿ ಆದುವು."

"ಹೆಂಗ ತುಟ್ಟಿ ಆಕ್ಕಾವ ಲೇ? ನಾ ಖರೇ ಹುಟ್ಟಿದ್ದು ರಾಶಿಯಾಗ. ಇನ್ನಾ ಎಂಟು ತಿಂಗಳ ಐತಿ!"

"ಆಧಾರದಾಗ ರಾಶಿ ಬರದಿಲ್ಲರಿ ಕಾಕಾ."

ದನದ ಸಂತೆಯಲ್ಲಿ ಹೊತ್ತು ಇಳಿದಂತೆ ರೇಟು ಇಳಿಯುತ್ತದೆ. ಸಂಜೆಗೆ ಎತ್ತನ್ನು ಮನೆಗೆ ಹೊಡೆದುಕೊಂಡು ಹೋಗುವುದಕ್ಕಿಂತ ಕೊಟ್ಟುಹೋದರೆ ಸಾಕು ಎಂದು ಮಾರುವವನೇ ಮೆತ್ತಗಾಗುತ್ತಾನೆ. ಈ ಸಂತೆಯಲ್ಲಿ ಹೊತ್ತು ಇಳಿದಷ್ಟೂ ರೇಟು ಏರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಗಲೇ ನನಗೆ ಅನುಮಾನ ಬಂದದ್ದು, ಇಲ್ಲಿ ಟವೆಲು ಹಾಸಿದವನು ನಾನಲ್ಲ, ಹಗ್ಗದ ತುದಿಯಲ್ಲಿ ನಿಂತ ಎತ್ತು ನಾನು!

ನೀಲವ್ವ ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಸೀರೆ ಉಟ್ಟು ತಯಾರಾಗಿ ಬಾಗಿಲಲ್ಲಿ ನಿಂತಳು.

"ನಡೀರಿ ತಿಕೋಟಾಕ್ಕ."

"ಅಂವನ್ನ ಇಲ್ಲೇ ಕರೀತೇನಲ್ಲ."

"ಬ್ಯಾಡ. ಇಲ್ಲಿ ಕರದ್ರ ನೀವು ಮತ್ತ ಎದ್ದು ಚಾದ ಅಂಗಡಿಗೆ ಹೋಗ್ತೀರಿ."

ಬಸ್ಸು ಹಿಡಿದು ತಿಕೋಟಾದಲ್ಲಿ ಇಳಿದೆವು. ಸಂಗಮೇಶನ ಕಚೇರಿ ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿದೆ. ಕಡಿದಾದ ಮೆಟ್ಟಿಲು. ನಾನು ಎಂದಿನಂತೆ ಮುಂದೆ ನಡೆದು, ಮೇಲೆ ಹೋಗಿ, ಕುರ್ಚಿಯಲ್ಲಿ ಕೂತು, ನೀರು ಕುಡಿದೆ. ನೀಲವ್ವ ಇನ್ನೂ ಬಂದಿರಲಿಲ್ಲ. ಸಂಗಮೇಶ ಹೊರಗೆ ಹೋಗಿ ನೋಡಿ, ಕೆಳಗಿಳಿದು, ಅವಳನ್ನು ಕೈ ಹಿಡಿದು ಕರೆತಂದ.

ಅರ್ಜಿ ತುಂಬುವುದು ಶುರುವಾಯಿತು. ಮೊದಲು ನನ್ನ ಸರದಿ. ಅಪ್ಪ ಸಂತೆಗೆ ಹೊರಡುವ ಮುನ್ನ ಎತ್ತಿನ ಮೈ ತಿಕ್ಕಿ, ಕೊಂಬಿಗೆ ಎಣ್ಣೆ ಹಚ್ಚಿ, ಕುಂಟುವ ಕಾಲಿದ್ದರೆ ಅದನ್ನು ಗೋಡೆಯ ಕಡೆಗೆ ಮಾಡಿ ನಿಲ್ಲಿಸುತ್ತಿದ್ದ. ನಾನೂ ಮೀಸೆ ತಿದ್ದಿಕೊಂಡು ನೆಟ್ಟಗೆ ಕೂತೆ.

"ಕಾಕಾ, ಶುಗರ್, ಬಿಪಿ ಏನರೆ?"

"ಏನೂ ಇಲ್ಲ. ಬರಿ, ಗುಂಡಕಲ್ಲು ಇದ್ದಂಗ ಅದೇನಿ."

"ಶುಗರ್ ಐತಿ, ಬರಿ," ಎಂದಳು ನೀಲವ್ವ. "ಗುಳಿಗಿ ತಗೋತಾರ, ಮ್ಯಾಲ ಚಾಕ್ಕ ಎರಡು ಚಮಚ ಸಕ್ಕರಿನೂ ಹಾಕ್ಕೋತಾರ. ಸೊಂಟ ಹಿಡಕೋತೈತಿ. ಮಲಗಿದಾಗ ಎಡಗೈ ಜುಂ ಅಂತೈತಿ ಅಂತಾರ. ಒಂದು ಕಿವಿ ಕೇಳಂಗಿಲ್ಲ, ನಾ ಮಾತಾಡೂಮುಂದ ಎರಡೂ ಕೇಳಂಗಿಲ್ಲ."

"ಚಿಗವ್ವಾ, ಕಿವೀದು ಕೇಳಿಲ್ಲ ಇದರಾಗ."

"ಕೇಳಲಿಲ್ಲಂದ್ರೂ ಬರಿ. ನಮ್ಮ ಕಡಿಂದ ಮುಚ್ಚಿಟ್ರು ಅಂತ ಆಗಬಾರದು."

ನನಗೆ ಸಿಟ್ಟು ಬಂತು. ಎಲ್ಲರ ಎದುರು ಗೋಡೆಯ ಕಡೆಗಿದ್ದ ಕಾಲನ್ನು ಹೀಗೆ ಎಳೆದು ತೋರಿಸಿದರೆ ಯಾವ ಎತ್ತು ಸುಮ್ಮನಿದ್ದೀತು? ಸಂಗಮೇಶ ಸಮಾಧಾನದ ದನಿಯಲ್ಲಿ ಹೇಳಿದ, "ಕಾಕಾ, ಇಲ್ಲಿ ಐಬು ಹೇಳಿಕೊಂಡ್ರ ಛಲೋ. ಮುಚ್ಚಿಟ್ಟಿದ್ದು ಮುಂದ ದವಾಖಾನ್ಯಾಗ ಸಿಕ್ಕಿತಂದ್ರ ಕಂಪನಿ ರೊಕ್ಕಾ ಕೊಡಂಗಿಲ್ಲ. ಈಗ ಚಿಗವ್ವಂದು ಹೇಳ್ರಿ."

"ಅಕಿಗೇನಾಗೇತಿ?" ಎಂದೆ. ಬಾಯಿ ತನ್ನ ಹಳೆಯ ಚಾಳಿಯಲ್ಲೇ ಇತ್ತು. "ಹುಲಿ ಅಕಿ, ಹುಲಿ."

"ನಾ ಈಗ ಹುಲೀನ ಕೈಹಿಡದು ಮ್ಯಾಲ ಹತ್ತಿಸಿಕೊಂಡು ಬಂದೇನ್ರಿ ಕಾಕಾ," ಎಂದ ಸಂಗಮೇಶ. "ಮೊಣಕಾಲಂತೂ ಬರೀಬೇಕು. ಯಾವುದು, ಎಡದ್ದೋ ಬಲದ್ದೋ?"

"ಬಲದ್ದು" ಎಂದೆ, ಓಣಿಯ ಹೆಸರು ಹೇಳಿದಷ್ಟು ಖಾತ್ರಿಯಿಂದ.

ನೀಲವ್ವ ನನ್ನನ್ನು ನೋಡಿದಳು. "ಎಡದ್ದರಿ" ಎಂದಳು. ಅಷ್ಟೇ. ಚುಚ್ಚಲೂ ಇಲ್ಲ, ನಗಲೂ ಇಲ್ಲ.

ಸಂಗಮೇಶ ಅಳಿಸಿ ಬರೆದ. ಕೆಳಗೆ ಗೊಬ್ಬರದ ಚೀಲ ದಪ್ಪೆಂದು ಬಿದ್ದ ಸದ್ದು ಕೇಳಿಸಿತು, ನನಗೆ ಕೇಳುವ ಕಿವಿಯಲ್ಲಿ. ಊರಿನ ನೆಲದಡಿಯ ಪೈಪುಗಳಿಗೆ ಕಿವಿ ಇಟ್ಟು ಸೋರುವ ಜಾಗ ಹೇಳಿದವನು ನಾನು. ದಿನಾ ಮುಂಜಾನೆ ನನ್ನ ಎದುರಿಗೇ, ಒಂದೇ ಚೌಕಟ್ಟು ಹಿಡಿದು, ಒಂದೇ ಕಾಲಿನ ಮೇಲೆ ಭಾರ ಹಾಕಿ ಏಳುವವಳ ಯಾವ ಕಾಲು ನೋಯುತ್ತದೆ ಎಂದು ನೋಡಿರಲಿಲ್ಲ. ಅವಳಾದರೋ ನನ್ನ ಚಹಾದ ಸಕ್ಕರೆಯನ್ನೂ ಎಣಿಸಿ ಇಟ್ಟಿದ್ದಳು.

"ಈಗ ಯಾವುದು ಮಾಡೂಣು ಕಾಕಾ?" ಸಂಗಮೇಶ ಕೇಳಿದ. "ಅಗ್ಗದ್ದೋ, ತುಟ್ಟೀದೋ?"

"ಯಾವುದರಾಗ ಅಕಿ ಕಾಲು ಲಗೂನ ಆಕ್ಕೈತಿ ಅದು."

"ಅದು ಈಗ ಮೊದಲಿನಕಿಂತ ಇನ್ನಾ..."

"ಹೂಂ" ಎಂದೆ.

"ರೇಟು ಹೇಳತೇನಿ, ಕೇಳಿಬಿಡ್ರಿ."

"ಹೂಂ ಅಂದ್ನೆಲ್ಲೋ ಮಾರಾಯಾ. ಬರಿ."

ಸಂಗಮೇಶ ನನ್ನ ಹೆಗಲಿನ ಕಡೆ ಒಂದು ಸಲ ನೋಡಿದ. ನಾನು ಟವೆಲು ಮುಟ್ಟಲಿಲ್ಲ. ನಮ್ಮಪ್ಪ ಬದುಕಿದ್ದರೆ ಆ ರಾತ್ರಿ ಊಟ ಬಿಡುತ್ತಿದ್ದ. ಬಿಡಲಿ. ಅವನಿಗೆ ಎತ್ತು ಕೊಳ್ಳುವುದಿತ್ತು.

ತಪಾಸಣೆ ಮಾಡಿಸಿ, ಹದಿನೈದು ದಿನದಲ್ಲಿ ಪಾಲಿಸಿ ಬರುತ್ತದೆ, ಅಲ್ಲಿಂದ ಒಂದು ವರ್ಷ ಕಾಯುವ ಅವಧಿ, ಅದು ಮುಗಿಯುವವರೆಗೆ ಈ ಮೊಣಕಾಲಿಗೆ ಕಂಪನಿ ಹೊಣೆಯಲ್ಲ ಎಂದು ಸಂಗಮೇಶ ನಿಧಾನವಾಗಿ ಬಿಡಿಸಿ ಹೇಳಿದ. ನೀಲವ್ವ ಎಲ್ಲಕ್ಕೂ ತಲೆಯಾಡಿಸಿ, ಅಕ್ಕನ ಮನೆಗೆ ಹೋಗಿ ಮಾತಾಡಿಸಿಕೊಂಡು ಹೋಗೋಣ ಎಂದು ಎದ್ದಳು.

ಈ ಸಲ ನಾನು ಮುಂದೆ ಓಡಲಿಲ್ಲ. ಮುಂದೆ ನಿಂತೆ, ಒಂದು ಮೆಟ್ಟಿಲು ಕೆಳಗೆ, ಅವಳ ಎಡಕ್ಕೆ. "ಹೆಗಲ ಹಿಡಿ" ಎಂದೆ. ಅವಳು ಅನುಮಾನದಿಂದ ನೋಡಿ, ಗೊಬ್ಬರದ ಅಂಗಡಿಯವರು ನೋಡುತ್ತಾರೇನೋ ಎಂದು ಬಗ್ಗಿ ನೋಡಿ, ಆಮೇಲೆ ಕೈ ಇಟ್ಟಳು. ಮೊದಲು ಬೆರಳಷ್ಟೇ. ಎರಡು ಮೆಟ್ಟಿಲು ಇಳಿದ ಮೇಲೆ ಇಡೀ ಕೈ. ನಡುವಿನ ಎತ್ತರದ ಮೆಟ್ಟಿಲಿನಲ್ಲಿ ಪೂರ್ತಿ ಭಾರ.

"ಅಲ್ರೀ," ಎಂದಳು ಕಿವಿಯ ಹತ್ತಿರ, ಕೇಳುವ ಕಿವಿಯನ್ನೇ ನೋಡಿ ಆರಿಸಿಕೊಂಡು, "ಈ ಹೆಗಲಿಗೆ ಕಾಯೂ ಅವಧಿ ಏನೂ ಇಲ್ಲೇನು?"

"ಇಲ್ಲ. ಇವತ್ತಿನಿಂದನ ಚಾಲೂ," ಎಂದೆ. "ಖರೆ, ಸಾವಕಾಶ ಭಾರ ಹಾಕ. ಸೊಂಟ ಹಿಡಕೋತೈತಿ ಅಂತ ನೀನ ಬರಸೀದಿ."